ಜರ್ನಲ್‌ಗಳಿಗೆ ‘ಇಂಡೆಕ್ಸ್’ ಪಟ್ಟ ಬಂದದ್ದು ಎಲ್ಲಿಂದ? ವೈದ್ಯಲೋಕಕ್ಕೆ ಸೂಚಿ ಕೊಟ್ಟ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್

ಮೆಡಿಕಲ್ ಕಾಲೇಜಿನ ಪಿಜಿ ವಿದ್ಯಾರ್ಥಿಗಳನ್ನಾಗಲಿ, ಬಡ್ತಿಗೆ ಕಾದಿರುವ ಅಧ್ಯಾಪಕರನ್ನಾಗಲಿ ಕೇಳಿ ನೋಡಿ. ಸಂಶೋಧನಾ ಲೇಖನ ಬರೆದು ಮುಗಿಸಿದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ಕಳುಹಿಸಬೇಕೆಂದಿರುವ ಜರ್ನಲ್ ಇಂಡೆಕ್ಸ್ ಆಗಿದೆಯೋ, ಇಲ್ಲವೋ?

ಇಂಡೆಕ್ಸ್ ಆದ ಜರ್ನಲ್‌ನಲ್ಲಿ ಬಂದರೆ ಬಡ್ತಿಗೆ ಲೆಕ್ಕ. ಇಲ್ಲದಿದ್ದರೆ ವರ್ಷಗಟ್ಟಲೆ ಪಟ್ಟ ಶ್ರಮ ನೀರಲ್ಲಿ ಹೋಮ ಮಾಡಿದಂತೆ ಎಂಬ ಭಾವನೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬೇರೂರಿದೆ. ಈ ಆತುರವನ್ನೇ ಬಂಡವಾಳ ಮಾಡಿಕೊಂಡು ಹಣ ಪಡೆದು ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳೂ ಹುಟ್ಟಿಕೊಂಡಿವೆ.

ಆದರೆ ಇಂಡೆಕ್ಸ್ ಎಂಬುದನ್ನು ಕಟ್ಟಿದ ವ್ಯಕ್ತಿ ಯಾರ ಬಡ್ತಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಅವರಿಗೆ ಬೇಕಿದ್ದದ್ದು, ರೋಗಿಯ ಮುಂದೆ ಕುಳಿತ ವೈದ್ಯನಿಗೆ ಅದೇ ಕಾಯಿಲೆಯ ಬಗ್ಗೆ ಬೇರೆಯವರು ಬರೆದದ್ದು ಸುಲಭವಾಗಿ ಸಿಗಬೇಕು, ಅಷ್ಟೇ. ಅವರ ಹೆಸರು ಜಾನ್ ಶಾ ಬಿಲ್ಲಿಂಗ್ಸ್. ಅಮೆರಿಕದ ಸೇನಾ ವೈದ್ಯ, ಗ್ರಂಥಪಾಲಕ, ಆಸ್ಪತ್ರೆ ವಿನ್ಯಾಸಕಾರ. ಇವತ್ತು ಜಗತ್ತಿನ ವೈದ್ಯರೆಲ್ಲ ಬಳಸುವ ಪಬ್‌ಮೆಡ್‌ನ ಬೇರು ಅವರ ಕೈಬರಹದ ಕಾರ್ಡುಗಳಲ್ಲಿದೆ.

ಆಸ್ತಿ ಬಿಟ್ಟು ಓದು ಆರಿಸಿಕೊಂಡ ಹುಡುಗ

ಬಿಲ್ಲಿಂಗ್ಸ್ ಹುಟ್ಟಿದ್ದು 1838ರ ಏಪ್ರಿಲ್ 12ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹಳ್ಳಿಗಾಡಿನಲ್ಲಿ. ಮನೆಯಲ್ಲಿ ಹೇಳಿಕೊಳ್ಳುವಂಥ ಅನುಕೂಲ ಇರಲಿಲ್ಲ. ಹುಡುಗನಿಗೆ ಮಾತ್ರ ಸಿಕ್ಕಿದ ಪುಸ್ತಕವನ್ನೆಲ್ಲ ಓದುವ ಹುಚ್ಚು. ಓದುತ್ತಿದ್ದ ಪುಸ್ತಕಗಳಲ್ಲಿ ಲ್ಯಾಟಿನ್ ಸಾಲುಗಳು ಅಡ್ಡ ಬಂದಾಗ ಆ ಭಾಷೆಯನ್ನೂ ತಾನಾಗಿಯೇ ಕಲಿಯಲು ಕುಳಿತ.

ಕಾಲೇಜಿಗೆ ಹೋಗುವ ಹೊತ್ತಿಗೆ ತಂದೆಯೊಂದಿಗೆ ಒಂದು ಒಪ್ಪಂದ ಮಾಡಿಕೊಂಡ. ಓದಿಗೆ ನೆರವಾದರೆ ಸಾಕು, ಮನೆಯ ಆಸ್ತಿಯಲ್ಲಿ ತನಗೆ ಪಾಲು ಬೇಡ, ಅದೆಲ್ಲ ತಂಗಿಗಿರಲಿ ಎಂಬುದು ಆ ಒಪ್ಪಂದ. ಓಹಿಯೋದ ಮಿಯಾಮಿ ವಿಶ್ವವಿದ್ಯಾಲಯದಲ್ಲಿ 1857ರಲ್ಲಿ ಪದವಿ ಪಡೆದು, ಸಿನ್ಸಿನಾಟಿಯಲ್ಲಿದ್ದ ಓಹಿಯೋ ವೈದ್ಯಕೀಯ ಕಾಲೇಜು ಸೇರಿದ. ಆಸ್ಪತ್ರೆಯಲ್ಲೇ ವಾಸ, ಹೊಟ್ಟೆಗೂ ಬಿಗಿಹಿಡಿದ ಖರ್ಚು. 1860ರಲ್ಲಿ ಎಂ.ಡಿ. ಪದವಿ ಕೈಸೇರಿತು.

ಆ ಪದವಿಗಾಗಿ ಬರೆದ ಪ್ರಬಂಧವೇ ಅವರ ಇಡೀ ಬದುಕಿನ ದಿಕ್ಕು ಬದಲಿಸಿತು.

ಒಂದು ಪ್ರಬಂಧ, ಸಾವಿರ ಪುಸ್ತಕ

ಬಿಲ್ಲಿಂಗ್ಸ್ ಆರಿಸಿಕೊಂಡ ವಿಷಯ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ. ಪ್ರಶ್ನೆ ಸರಳವಾಗಿತ್ತು. ಈವರೆಗೆ ಎಷ್ಟು ರೋಗಿಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆ, ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ಸತ್ತರು? ಅಂಕಿ ಅಂಶ ಸಿಕ್ಕರೆ ಶಸ್ತ್ರಚಿಕಿತ್ಸೆ ಮಾಡಬೇಕೋ ಬೇಡವೋ ಎಂಬುದನ್ನು ತೂಗಿ ನೋಡಬಹುದು.

ಉತ್ತರ ಹುಡುಕಲು ಹೊರಟಾಗ ಗೊತ್ತಾಯಿತು, ಉತ್ತರ ಇದೆ, ಆದರೆ ಎಲ್ಲಿದೆ ಎಂದು ಯಾರಿಗೂ ತಿಳಿಯದು. ಒಬ್ಬ ವೈದ್ಯ ಪ್ಯಾರಿಸ್‌ನ ಪತ್ರಿಕೆಯಲ್ಲಿ ಎರಡು ಪ್ರಕರಣ ಬರೆದಿದ್ದರೆ, ಇನ್ನೊಬ್ಬ ಲಂಡನ್ನಿನ ಸಂಘದ ವರದಿಯಲ್ಲಿ ಒಂದನ್ನು ಬರೆದಿರುತ್ತಿದ್ದ. ಪುಸ್ತಕಗಳ ಹಿಂಬದಿಯ ವಿಷಯಸೂಚಿಗಳು ನಂಬುವಂತೆ ಇರಲಿಲ್ಲ. ಹಾಗಾಗಿ ಸಾವಿರಕ್ಕೂ ಹೆಚ್ಚು ಸಂಪುಟಗಳನ್ನು ಪುಟ ಪುಟ ತಿರುವಿ ಹಾಕಬೇಕಾಯಿತು. ಸಿನ್ಸಿನಾಟಿಯ ಪುಸ್ತಕಗಳು ಸಾಲದೆ ಫಿಲಡೆಲ್ಫಿಯಾ, ನ್ಯೂಯಾರ್ಕ್‌ನ ಗ್ರಂಥಾಲಯಗಳ ಬಾಗಿಲನ್ನೂ ತಟ್ಟಿದರು. ಸುಮಾರು ಆರು ತಿಂಗಳು ಹೀಗೆ ಕಳೆಯಿತು.

ಜಗತ್ತಿನಲ್ಲಿ ವೈದ್ಯಕೀಯ ಸಂಪುಟಗಳು ಲಕ್ಷಕ್ಕೂ ಮೀರಿ ಇವೆ. ಅಮೆರಿಕದಲ್ಲಿ ಎಲ್ಲಿಯೂ ಅವುಗಳನ್ನು ತಕ್ಕಮಟ್ಟಿಗಾದರೂ ಕೂಡಿಟ್ಟ ಗ್ರಂಥಾಲಯ ಇಲ್ಲ. ಇದ್ದಿದ್ದರೂ ಬೇಕಾದ್ದನ್ನು ಹುಡುಕಿ ತೆಗೆಯಲು ದಾರಿ ಇಲ್ಲ. ಇಪ್ಪತ್ತೆರಡರ ಯುವಕ ಆ ಪ್ರಬಂಧದಿಂದ ಕಲಿತ ಪಾಠ ಇದು. ಬರೆದಿಟ್ಟ ಜ್ಞಾನ ಬೇಕಾದಾಗ ಸಿಗದಿದ್ದರೆ ರೋಗಿಯ ಪಾಲಿಗೆ ಅದು ಇದ್ದೂ ಇಲ್ಲದಂತೆ.

ರಣರಂಗದಲ್ಲಿ ವೈದ್ಯ

ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಸೇನಾ ವೈದ್ಯರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಬಿಲ್ಲಿಂಗ್ಸ್ 1862ರಲ್ಲಿ ಸೇನೆಗೆ ಸೇರಿದರು. ಅದೇ ವರ್ಷ ಕ್ಯಾಥರೀನ್ ಸ್ಟೀವನ್ಸ್ ಅವರನ್ನು ಮದುವೆಯಾದರು. ಕೆಲಕಾಲ ವಾಷಿಂಗ್ಟನ್, ಫಿಲಡೆಲ್ಫಿಯಾದ ಸೇನಾ ಆಸ್ಪತ್ರೆಗಳಲ್ಲಿ ದುಡಿದ ಮೇಲೆ 1863ರಲ್ಲಿ ರಣರಂಗಕ್ಕೆ ಹೊರಟರು.

ಚಾನ್ಸಲರ್ಸ್‌ವಿಲ್, ಆಮೇಲೆ ಗೆಟಿಸ್‌ಬರ್ಗ್. ಎರಡೂ ಭೀಕರ ಕದನಗಳು. ಗೆಟಿಸ್‌ಬರ್ಗ್‌ನಲ್ಲಿ ರೈತನೊಬ್ಬನ ಮನೆಯನ್ನೇ ಆಸ್ಪತ್ರೆ ಮಾಡಿಕೊಂಡು ಗಾಯಾಳುಗಳ ಕೈಕಾಲು ಕತ್ತರಿಸುವ, ಗುಂಡು ಹೊರತೆಗೆಯುವ ಕೆಲಸದಲ್ಲಿ ಮುಳುಗಿದರು. ನಿದ್ದೆಯಿಲ್ಲದ ಆ ದಿನಗಳು ಅವರನ್ನು ಹಣ್ಣು ಮಾಡಿದವು.

ಮುಂದೆ ಪೊಟೊಮ್ಯಾಕ್ ಸೇನೆಯ ವೈದ್ಯಕೀಯ ಇನ್‌ಸ್ಪೆಕ್ಟರ್ ಆದಾಗ ಯುದ್ಧಭೂಮಿಯ ವೈದ್ಯರಿಂದ ವರದಿ ತರಿಸಿ, ಒಟ್ಟುಗೂಡಿಸಿ, ಲೆಕ್ಕ ಹಾಕುವ ಕೆಲಸ ಅವರ ಪಾಲಿಗೆ ಬಂತು. ಚದುರಿದ ಮಾಹಿತಿಯನ್ನು ಒಂದೆಡೆ ಸೇರಿಸುವುದು ಅವರಿಗೆ ಒಗ್ಗಿದ ಕೆಲಸ. 1864ರ ಕೊನೆಯಲ್ಲಿ ವಾಷಿಂಗ್ಟನ್‌ನ ಸರ್ಜನ್ ಜನರಲ್ ಕಚೇರಿಗೆ ವರ್ಗವಾಯಿತು. ಮುಂದಿನ 30 ವರ್ಷ ಅಲ್ಲೇ.

ಲಿಂಕನ್ ಹತ್ಯೆಯಾದ ರಂಗಮಂದಿರದಲ್ಲಿ ಗ್ರಂಥಾಲಯ

ಸರ್ಜನ್ ಜನರಲ್ ಕಚೇರಿಯಲ್ಲಿ 1836ರಿಂದಲೂ ಒಂದು ಪುಟ್ಟ ಪುಸ್ತಕ ಸಂಗ್ರಹ ಇತ್ತು. ಯುದ್ಧ ಮುಗಿದಾಗ ಅಲ್ಲಿದ್ದದ್ದು ಎರಡು ಸಾವಿರ ಚಿಲ್ಲರೆ ಸಂಪುಟ. ಅದರ ಹೊಣೆ ಬಿಲ್ಲಿಂಗ್ಸ್ ಹೆಗಲಿಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಬೀಗದ ಕೈ ಇಟ್ಟುಕೊಂಡು ಸುಮ್ಮನಿರುತ್ತಿದ್ದರೇನೋ. ಆರು ತಿಂಗಳು ಪುಸ್ತಕಕ್ಕಾಗಿ ಅಲೆದಿದ್ದ ಬಿಲ್ಲಿಂಗ್ಸ್‌ಗೆ ಇದೇ ಅವಕಾಶ ಅನ್ನಿಸಿತು.

ಯುದ್ಧ ಮುಗಿದು ಸೇನಾ ಆಸ್ಪತ್ರೆಗಳು ಮುಚ್ಚಿದ ಮೇಲೆ ಅವುಗಳ ನಿಧಿಯಲ್ಲಿ ಸುಮಾರು 80,000 ಡಾಲರ್ ಉಳಿದಿತ್ತು. ಅದು ಪುಸ್ತಕ ಖರೀದಿಗೆ ಸಿಕ್ಕಿತು. ಜಾಗ ಸಿಕ್ಕಿದ್ದು ಫೋರ್ಡ್ ರಂಗಮಂದಿರದಲ್ಲಿ. 1865ರ ಏಪ್ರಿಲ್ 14ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೆ ಗುಂಡು ಹಾರಿಸಿದ್ದು ಅದೇ ಕಟ್ಟಡದಲ್ಲಿ. ಸರ್ಕಾರ ಅದನ್ನು ಕೊಂಡು ಸೇನಾ ವೈದ್ಯಕೀಯ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯಕ್ಕೆ ಒಪ್ಪಿಸಿತು.

ಹಣ ಖರ್ಚಾಗುವುದು ಬೇಗ. ಹಾಗಾಗಿ ಬಿಲ್ಲಿಂಗ್ಸ್ ಪತ್ರ ಬರೆಯತೊಡಗಿದರು. ಊರೂರಿನ ವೈದ್ಯರಿಗೆ, ಪತ್ರಿಕೆಗಳ ಸಂಪಾದಕರಿಗೆ, ವಿದೇಶದಲ್ಲಿದ್ದ ರಾಯಭಾರ ಕಚೇರಿಗಳಿಗೆ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಸಂಚಿಕೆ ಇದ್ದರೂ ಕಳುಹಿಸಿ, ಬದಲಿಗೆ ನಮ್ಮಲ್ಲಿರುವ ಜೋಡಿ ಪ್ರತಿ ಕೊಡುತ್ತೇವೆ ಎಂಬ ಕೋರಿಕೆ. ದೊಡ್ಡ ಹೆಸರಿನ ಪತ್ರಿಕೆ, ಸಣ್ಣ ಊರಿನ ಪತ್ರಿಕೆ ಎಂಬ ಭೇದ ಅಲ್ಲಿ ಇರಲಿಲ್ಲ. ಒಂದು ಸಂಚಿಕೆ ಕಡಿಮೆ ಇದ್ದರೂ ಅದಕ್ಕಾಗಿ ವರ್ಷಗಟ್ಟಲೆ ಬೆನ್ನು ಹತ್ತುತ್ತಿದ್ದರು. ಫಲವಾಗಿ 1876ರ ಹೊತ್ತಿಗೆ ಸಂಪುಟಗಳ ಸಂಖ್ಯೆ ಸುಮಾರು 40,000ಕ್ಕೆ ಏರಿತು. ಅವರು ನಿವೃತ್ತರಾಗುವಾಗ 1 ಲಕ್ಷ ದಾಟಿತ್ತು.

ಇಂಡೆಕ್ಸ್ ಹುಟ್ಟಿದ ಬಗೆ

ಪುಸ್ತಕ ಕೂಡಿಹಾಕಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಅದರೊಳಗೆ ಏನಿದೆ ಎಂದು ತೋರಿಸುವುದು. ಗ್ರಂಥಾಲಯದ ಪಟ್ಟಿ ಎಂದರೆ ಆಗ ಪುಸ್ತಕಗಳ ಹೆಸರು ಮಾತ್ರ. ಪತ್ರಿಕೆಯ ಹೆಸರು ಪಟ್ಟಿಯಲ್ಲಿ ಇದ್ದರೂ ಅದರ ಒಳಗೆ ಯಾವ ರೋಗದ ಬಗ್ಗೆ ಯಾರು ಬರೆದಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ. ಹೊಸ ಸಂಶೋಧನೆ ಮೊದಲು ಬರುವುದೇ ಪತ್ರಿಕೆಗಳಲ್ಲಿ. ಆದ್ದರಿಂದ ಪತ್ರಿಕೆಯ ಪ್ರತಿಯೊಂದು ಮೂಲ ಲೇಖನಕ್ಕೂ ವಿಷಯವಾರು ಸೂಚಿ ಬೇಕು ಎಂದು ಬಿಲ್ಲಿಂಗ್ಸ್ ತೀರ್ಮಾನಿಸಿದರು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಬಂದ ಪತ್ರಿಕೆಗಳನ್ನು ಬಿಲ್ಲಿಂಗ್ಸ್ ಸಂಜೆ ಮನೆಗೆ ಒಯ್ಯುತ್ತಿದ್ದರು. ಒಂದೊಂದನ್ನೂ ನೋಡಿ, ಸೂಚಿಗೆ ಸೇರಬೇಕಾದ ಲೇಖನಕ್ಕೆ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಮರುದಿನ ಗುಮಾಸ್ತರು ಲೇಖಕ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟಸಂಖ್ಯೆಗಳನ್ನು ಕಾರ್ಡುಗಳ ಮೇಲೆ ನಕಲು ಮಾಡುತ್ತಿದ್ದರು. ಕಾರ್ಡುಗಳು ವಿಷಯವಾರು ಅಕ್ಷರಕ್ರಮದಲ್ಲಿ ಜೋಡಣೆಯಾಗುತ್ತಿದ್ದವು.

1876ರಲ್ಲಿ ಮಾದರಿಗಾಗಿ ಒಂದು ಸಣ್ಣ ಭಾಗವನ್ನು ಅಚ್ಚು ಹಾಕಿಸಿ ವೈದ್ಯರಿಗೆ ಹಂಚಿದರು. ಇಂಥದ್ದು ಬೇಕೇ ಬೇಕು ಎಂಬ ಒತ್ತಾಯ ಎಲ್ಲೆಡೆಯಿಂದ ಬಂದ ಮೇಲೆ ಅಮೆರಿಕದ ಸಂಸತ್ತು ಮುದ್ರಣಕ್ಕೆ ಹಣ ಕೊಟ್ಟಿತು. ‘ಇಂಡೆಕ್ಸ್ ಕ್ಯಾಟಲಾಗ್’ನ ಮೊದಲ ಸಂಪುಟ 1880ರಲ್ಲಿ ಹೊರಬಂತು. ಮೊದಲ ಸರಣಿಯ 16ನೇ ಸಂಪುಟ ಬಂದದ್ದು 1895ರಲ್ಲಿ. ಅದರಲ್ಲಿ ಸೂಚಿತವಾದ ಪತ್ರಿಕಾ ಲೇಖನಗಳೇ 5 ಲಕ್ಷಕ್ಕೂ ಹೆಚ್ಚು.

ಆದರೆ ಇದರಲ್ಲೊಂದು ತೊಡಕಿತ್ತು. ಅಕ್ಷರಕ್ರಮದ ಸೂಚಿ ಮೊದಲ ಅಕ್ಷರದಿಂದ ಕೊನೆಯದನ್ನು ಮುಟ್ಟಲು 16 ವರ್ಷ ಹಿಡಿಯಿತು. ಮೊದಲ ಅಕ್ಷರದ ರೋಗದ ಬಗ್ಗೆ 1881ರಲ್ಲಿ ಬಂದ ಹೊಸ ಲೇಖನ ಸೂಚಿಗೆ ಸೇರಲು ಮುಂದಿನ ಸರಣಿಯವರೆಗೆ ಕಾಯಬೇಕು. ವೈದ್ಯನಿಗೆ ಅಷ್ಟು ಪುರುಸೊತ್ತು ಎಲ್ಲಿ?

ಇದಕ್ಕೆ ಪರಿಹಾರವಾಗಿ 1879ರ ಜನವರಿಯಲ್ಲೇ ಇನ್ನೊಂದು ಪ್ರಕಟಣೆ ಶುರುವಾಗಿತ್ತು. ಅದೇ ‘ಇಂಡೆಕ್ಸ್ ಮೆಡಿಕಸ್’. ಆ ತಿಂಗಳು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಏನೇನು ಬಂತು ಎಂಬುದನ್ನು ವಿಷಯವಾರು ತಿಳಿಸುವ ಮಾಸಿಕ. ಬಿಲ್ಲಿಂಗ್ಸ್ ಜತೆ ಸಂಪಾದಕರಾಗಿ ನಿಂತವರು ರಾಬರ್ಟ್ ಫ್ಲೆಚರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಅಂತರ್ಯುದ್ಧದಲ್ಲಿ ಶಸ್ತ್ರವೈದ್ಯರಾಗಿದ್ದವರು. ವಯಸ್ಸಿನಲ್ಲಿ ಬಿಲ್ಲಿಂಗ್ಸ್‌ಗಿಂತ 15 ವರ್ಷ ದೊಡ್ಡವರು. ಸೂಚಿಯ ಅಚ್ಚು ತಿದ್ದುವುದರಲ್ಲಿ ಎತ್ತಿದ ಕೈ. ಇಂದು ‘ಇಂಡೆಕ್ಸ್ ಆದ ಜರ್ನಲ್’ ಎಂಬ ಮಾತನ್ನು ವೈದ್ಯರು ಬಳಸುವಾಗಲೆಲ್ಲ, ಅರಿವಿದ್ದೋ ಇಲ್ಲದೆಯೋ, ಈ ಇಬ್ಬರ ಮಾಸಿಕದ ಪರಂಪರೆಯನ್ನೇ ಹೆಸರಿಸುತ್ತಾರೆ.

ಸೂಚಿಗೆ ಸೇರಿದ್ದೆಲ್ಲ ಚಿನ್ನವೇ?

ಇಲ್ಲ ಎಂಬುದು ಬಿಲ್ಲಿಂಗ್ಸ್ ಅವರದೇ ಉತ್ತರ. 1881ರಲ್ಲಿ ಲಂಡನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ವೈದ್ಯಕೀಯ ಸಾಹಿತ್ಯದ ಬಗ್ಗೆ ಉಪನ್ಯಾಸ ನೀಡಲು ಅವರನ್ನು ಕರೆದಿದ್ದರು. ಆ ಸಾಹಿತ್ಯವನ್ನು ಅವರಷ್ಟು ತಿರುವಿ ಹಾಕಿದವರು ಆಗ ಇನ್ನೊಬ್ಬರು ಇರಲಿಕ್ಕಿಲ್ಲ.

ಹೊಗಳಿಕೆ ನಿರೀಕ್ಷಿಸಿದ್ದವರಿಗೆ ನಿರಾಸೆ ಆಗಿರಬೇಕು. ವರ್ಷ ವರ್ಷ ಬೆಳೆಯುತ್ತಿರುವ ಈ ರಾಶಿಯಲ್ಲಿ ಬೆಲೆಯಿಲ್ಲದ್ದು, ಹಳಸಿದ್ದು, ಇನ್ನೊಬ್ಬರು ಹೇಳಿದ್ದನ್ನೇ ತಿರುಗಿ ಹೇಳುವಂಥದ್ದು ಬಹಳ ಇದೆ ಎಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಹೇಳಲು ಏನಾದರೂ ಇದ್ದಾಗ ಮಾತ್ರ ಬರೆಯಬೇಕು, ಹೇಳಿ ಮುಗಿದ ಕೂಡಲೇ ನಿಲ್ಲಿಸಬೇಕು, ಲೇಖನಕ್ಕೆ ಸರಿಯಾದ ಶೀರ್ಷಿಕೆ ಕೊಡಬೇಕು ಎಂಬುದು ಲೇಖಕರಿಗೆ ಅವರ ಕಿವಿಮಾತು. ಶೀರ್ಷಿಕೆ ದಾರಿ ತಪ್ಪಿಸಿದರೆ ಸೂಚಿಯಲ್ಲಿ ಲೇಖನ ತಪ್ಪು ಜಾಗಕ್ಕೆ ಹೋಗುತ್ತದೆ. ಮತ್ತೆ ಅದನ್ನು ಹುಡುಕುವವರು ಯಾರು?

ಅಂದರೆ ಹುಡುಕಿ ಕೊಡುವ ಕೆಲಸ ಸೂಚಿಯದು, ಬೆಲೆ ಕಟ್ಟುವ ಕೆಲಸ ಓದುವ ವೈದ್ಯನದು. ಈ ಎರಡನ್ನೂ ಬಿಲ್ಲಿಂಗ್ಸ್ ಬೆರೆಸಲಿಲ್ಲ.

ಆಸ್ಪತ್ರೆಯ ನಕ್ಷೆ, ಜನಗಣತಿಯ ಯಂತ್ರ

ಇಷ್ಟೆಲ್ಲದರ ನಡುವೆ ಬಿಲ್ಲಿಂಗ್ಸ್ ಮಾಡಿದ ಬೇರೆ ಕೆಲಸಗಳ ಪಟ್ಟಿ ನೋಡಿದರೆ ಒಬ್ಬ ಮನುಷ್ಯನಿಗೆ ಇದೆಲ್ಲ ಸಾಧ್ಯವೇ ಎನಿಸುತ್ತದೆ. ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಕಟ್ಟಲು ಹೊರಟ ಟ್ರಸ್ಟಿಗಳು ಐವರು ತಜ್ಞರಿಂದ ಯೋಜನೆ ಕೇಳಿದಾಗ ಒಪ್ಪಿಗೆಯಾದದ್ದು ಬಿಲ್ಲಿಂಗ್ಸ್ ಅವರದು. ಗಾಳಿ ಬೆಳಕು ಸಾಕಷ್ಟು ಆಡುವ ವಾರ್ಡುಗಳು, ಚಿಕಿತ್ಸೆಯ ಜತೆಗೇ ಬೋಧನೆ ಮತ್ತು ಸಂಶೋಧನೆ. 1889ರಲ್ಲಿ ತೆರೆದ ಆ ಆಸ್ಪತ್ರೆ ಆಧುನಿಕ ವೈದ್ಯ ಶಿಕ್ಷಣಕ್ಕೆ ಮಾದರಿಯಾಯಿತು.

ಅಲ್ಲಿಗೆ ವಿಲಿಯಂ ಆಸ್ಲರ್ ಅವರನ್ನು ಕರೆತಂದ ಪ್ರಸಂಗ ವೈದ್ಯರ ವಲಯದಲ್ಲಿ ಇಂದಿಗೂ ಕಥೆಯಂತೆ ಉಳಿದಿದೆ. ಫಿಲಡೆಲ್ಫಿಯಾದಲ್ಲಿ ಆಸ್ಲರ್ ಕೋಣೆಗೆ ಬಂದ ಬಿಲ್ಲಿಂಗ್ಸ್ ಕೂರಲೂ ಇಲ್ಲ. ವೈದ್ಯಕೀಯ ವಿಭಾಗದ ಹೊಣೆ ಹೊರುತ್ತೀರಾ ಎಂದು ಕೇಳಿದರು, ಆಸ್ಲರ್ ಹೂಂ ಎಂದರು, ಉಳಿದದ್ದನ್ನು ವೆಲ್ಚ್ ಜತೆ ಮಾತಾಡಿಕೊಳ್ಳಿ ಎಂದು ಹೇಳಿ ಬಿಲ್ಲಿಂಗ್ಸ್ ಹೊರಟೇಬಿಟ್ಟರು.

ಅಮೆರಿಕದ 1880 ಮತ್ತು 1890ರ ಜನಗಣತಿಯಲ್ಲಿ ಜನನ, ಮರಣ, ರೋಗಗಳ ಅಂಕಿ ಅಂಶದ ಹೊಣೆಯೂ ಅವರದೇ. ಕೈಯಲ್ಲಿ ಲೆಕ್ಕ ಹಾಕಿ ಹಾಕಿ ಸೋತ ಗುಮಾಸ್ತರನ್ನು ಕಂಡು, ಪ್ರತಿಯೊಬ್ಬರ ವಿವರವನ್ನೂ ಕಾರ್ಡಿನ ಮೇಲೆ ತೂತುಗಳಾಗಿ ಗುರುತಿಸಿ ಯಂತ್ರದಿಂದಲೇ ಎಣಿಸಬಹುದಲ್ಲ ಎಂಬ ಯೋಚನೆಯನ್ನು ಯುವ ಎಂಜಿನಿಯರ್ ಹರ್ಮನ್ ಹಾಲರಿತ್ ಅವರ ತಲೆಗೆ ಬಿತ್ತಿದರು. ಹಾಲರಿತ್ ಯಂತ್ರ 1890ರ ಜನಗಣತಿಯಲ್ಲಿ ಓಡಿತು. ಅವರ ಕಂಪನಿಯೂ ಸೇರಿ ರೂಪುಗೊಂಡ ಸಂಸ್ಥೆಯೇ ಮುಂದೆ ಐಬಿಎಂ ಆಯಿತು.

ನಷ್ಟದಲ್ಲಿ ನಿಂತ ಮಾಸಿಕ

ಇತ್ತ ಇಂಡೆಕ್ಸ್ ಮೆಡಿಕಸ್ ಸ್ಥಿತಿ ಚೆನ್ನಾಗಿರಲಿಲ್ಲ. ಅದು ಸರ್ಕಾರದ ಪ್ರಕಟಣೆ ಆಗಿರಲಿಲ್ಲ. ನ್ಯೂಯಾರ್ಕ್‌ನ ಫ್ರೆಡ್ರಿಕ್ ಲೇಪೋಲ್ಟ್ ಎಂಬ ಪ್ರಕಾಶಕರು ಕೈಯಿಂದ ಹಣ ಹಾಕಿ ನಡೆಸುತ್ತಿದ್ದರು. ಚಂದಾದಾರರು ಸಾಲದೆ ವರ್ಷ ವರ್ಷ ನಷ್ಟ. 1884ರಲ್ಲಿ ಲೇಪೋಲ್ಟ್ ತೀರಿಕೊಂಡರು. ಮುಂದೆ ಡೆಟ್ರಾಯಿಟ್‌ನ ಜಾರ್ಜ್ ಡೇವಿಸ್ ಕೈಹಿಡಿದರೂ 1899ಕ್ಕೆ ಮಾಸಿಕ ನಿಂತೇಹೋಯಿತು. ಎಲ್ಲರಿಗೂ ಬೇಕಾದದ್ದು, ದುಡ್ಡು ಕೊಡುವವರು ಮಾತ್ರ ಯಾರೂ ಇಲ್ಲ.

ಪ್ಯಾರಿಸ್‌ನಲ್ಲಿ ಅಂಥದ್ದೇ ಪ್ರಕಟಣೆಯೊಂದು ಶುರುವಾಗಿ ಮೂರು ವರ್ಷಕ್ಕೆ ಮುಗಿಯಿತು. ಕೊನೆಗೆ 1903ರಲ್ಲಿ ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆ ಇಂಡೆಕ್ಸ್ ಮೆಡಿಕಸ್ ಅನ್ನು ಮತ್ತೆ ಎತ್ತಿ ನಿಲ್ಲಿಸಿತು. ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಬಿಲ್ಲಿಂಗ್ಸ್ ಇದ್ದರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮರುಹುಟ್ಟು ಪಡೆದ ಮಾಸಿಕಕ್ಕೆ ಆಗ 80ರ ಫ್ಲೆಚರ್ ಅವರೇ ಮತ್ತೆ ಸಂಪಾದಕರು.

ಬಿಲ್ಲಿಂಗ್ಸ್ 1895ರಲ್ಲಿ ಸೇನೆಯಿಂದ ನಿವೃತ್ತರಾದಾಗ ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು ಫಿಲಡೆಲ್ಫಿಯಾದಲ್ಲಿ ಔತಣ ಏರ್ಪಡಿಸಿ 10,000 ಡಾಲರ್ ಕಾಣಿಕೆ ಒಪ್ಪಿಸಿದರು. ಸೂಚಿಯಿಂದ ತಮಗಾದ ಉಪಕಾರಕ್ಕೆ ಅದು ಕೃತಜ್ಞತೆ. ವಿಶ್ರಾಂತಿ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ಮರುವರ್ಷವೇ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕರಾದರು. ಬೇರೆ ಬೇರೆಯಾಗಿದ್ದ ಸಂಗ್ರಹಗಳನ್ನು ಒಂದುಗೂಡಿಸಿದರು. ಶಾಖೆಗಳಿಗಾಗಿ ಆಂಡ್ರ್ಯೂ ಕಾರ್ನೆಗಿಯವರಿಂದ 52 ಲಕ್ಷ ಡಾಲರ್ ದೇಣಿಗೆ ಬಂತು. ಐದನೇ ಅವೆನ್ಯೂದ ಭವ್ಯ ಕಟ್ಟಡದ ಮೊದಲ ರೇಖಾಚಿತ್ರ ಅವರ ಕೈಯದೇ. 1911ರ ಮೇ 23ರಂದು ಅದು ಉದ್ಘಾಟನೆಯಾಯಿತು.

ಫ್ಲೆಚರ್ 1912ರಲ್ಲಿ ತೀರಿಕೊಂಡರು. 1913ರ ಮಾರ್ಚ್ 11ರಂದು ನ್ಯೂಯಾರ್ಕ್‌ನಲ್ಲಿ ಬಿಲ್ಲಿಂಗ್ಸ್ ಕೊನೆಯುಸಿರೆಳೆದರು. ಆರ್ಲಿಂಗ್ಟನ್‌ನ ಸೇನಾ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಾಕತಾಳೀಯವೋ ಏನೋ, ನಮ್ಮ ದೇಶದ ಪ್ರಮುಖ ವೈದ್ಯಕೀಯ ಪತ್ರಿಕೆ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಶುರುವಾದದ್ದೂ ಅದೇ 1913ರಲ್ಲಿ.

ಸೂಚಿ ಮುದ್ರೆಯಾದದ್ದು

ಬಿಲ್ಲಿಂಗ್ಸ್ ಗ್ರಂಥಾಲಯ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1964ರಲ್ಲಿ ಇಂಡೆಕ್ಸ್ ಮೆಡಿಕಸ್ ಕೆಲಸ ಕಂಪ್ಯೂಟರಿಗೆ ಏರಿತು. 1971ರಲ್ಲಿ ಮೆಡ್‌ಲೈನ್ ಬಂತು. 1997ರಲ್ಲಿ ಪಬ್‌ಮೆಡ್ ಜಗತ್ತಿಗೆಲ್ಲ ಉಚಿತವಾಯಿತು. ಇಂದು ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಮುದ್ರಿತ ಇಂಡೆಕ್ಸ್ ಮೆಡಿಕಸ್ 2004ರ ಡಿಸೆಂಬರ್‌ಗೆ ನಿಂತಿತು.

ಈ ಪಯಣದಲ್ಲಿ ಸೂಚಿಯ ಅರ್ಥವೂ ಬದಲಾಯಿತು. ಪತ್ರಿಕೆಗಳ ಸಂಖ್ಯೆ ಮಿತಿಮೀರಿದಾಗ ಎಲ್ಲವನ್ನೂ ಸೇರಿಸಲಾಗದೆ, ತಜ್ಞರ ಸಮಿತಿ ಪರಿಶೀಲಿಸಿ ಆರಿಸುವ ಕ್ರಮ ಬಂತು. ಆಯ್ಕೆ ಎಂದ ಮೇಲೆ ಅದು ಗುಣಮಟ್ಟದ ಮುದ್ರೆ ಎನಿಸಿಕೊಂಡಿತು. ಓದುಗನಿಗಾಗಿ ಹುಟ್ಟಿದ ಸೂಚಿ ಹೀಗೆ ಲೇಖಕನ ಅರ್ಹತಾಪತ್ರವಾಯಿತು.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿ 2015ರಲ್ಲಿ ಅಧ್ಯಾಪಕರ ಬಡ್ತಿಗೆ ಯಾವ ಯಾವ ಸೂಚಿಗಳು ಲೆಕ್ಕಕ್ಕೆ ಬರುತ್ತವೆ ಎಂದು ಪಟ್ಟಿ ಕೊಟ್ಟಿತು. ಅದರಲ್ಲಿ ಇಂಡೆಕ್ಸ್ ಮೆಡಿಕಸ್ ಹೆಸರೂ ಇತ್ತು. ಆ ಹೆಸರಿನ ಮುದ್ರಿತ ಸಂಚಿಕೆ ನಿಂತು ಆಗಲೇ ಹತ್ತು ವರ್ಷ ದಾಟಿತ್ತು. 2020ರಲ್ಲಿ ಪಟ್ಟಿ ಪರಿಷ್ಕರಣೆಯಾಗಿ ಆ ಹೆಸರು ಬಿಟ್ಟುಹೋಯಿತು.

ಮುದ್ರೆಗೆ ಬೆಲೆ ಬಂದ ಕಡೆ ನಕಲಿ ಮುದ್ರೆಯೂ ಬರುತ್ತದೆ. ಪರಿಶೀಲನೆಯ ಹೆಸರಲ್ಲಿ ವಂಚಿಸುವ ಜರ್ನಲ್‌ಗಳ ಹಾವಳಿಗೆ ಭಾರತವೂ ಹೊರತಲ್ಲ. ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ ಲೇಖಕರನ್ನು ದಾರಿ ತಪ್ಪಿಸಿದ್ದಕ್ಕಾಗಿ 5 ಕೋಟಿ ಡಾಲರ್‌ಗೂ ಹೆಚ್ಚು ಪಾವತಿಸುವಂತೆ ಆದೇಶಿಸಿತು.

ಹಾಗಾದರೆ ಲೇಖನ ಎಲ್ಲಿಗೆ ಕಳುಹಿಸಬೇಕು?

ಜರ್ನಲ್ ತನ್ನ ಪುಟದಲ್ಲಿ ಹಾಕಿಕೊಂಡ ಲಾಂಛನಗಳನ್ನು ನಂಬದೆ, ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಟ್ಟಿಯಲ್ಲಿ ನಾವೇ ಹೆಸರು ನೋಡುವುದು ಮೊದಲ ಹೆಜ್ಜೆ. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಇಂಡೆಕ್ಸ್ ಆಗಿದೆ ಎಂದಲ್ಲ. ಅದು ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ. ಪಬ್‌ಮೆಡ್ ಮತ್ತು ಮೆಡ್‌ಲೈನ್ ಕೂಡ ಒಂದೇ ಅಲ್ಲ. ಮೆಡ್‌ಲೈನ್ ಪಬ್‌ಮೆಡ್‌ನ ದೊಡ್ಡ ಭಾಗ, ಆದರೆ ಅದಕ್ಕೆ ಸೇರದ ಲೇಖನಗಳೂ ಪಬ್‌ಮೆಡ್‌ನಲ್ಲಿ ಕಾಣುತ್ತವೆ.

ಇಂಡೆಕ್ಸ್ ಆಗದ ಜರ್ನಲ್ ಎಲ್ಲ ಕಳಪೆ ಎಂದೂ ಹೇಳಲಾಗದು. ಹೊಸದಾಗಿ ಶುರುವಾದ ಪ್ರಾಮಾಣಿಕ ಪತ್ರಿಕೆಯೂ ಕೆಲಕಾಲ ನಡೆದು ತೋರಿಸಿದ ಮೇಲಷ್ಟೇ ಸೂಚಿಗೆ ಸೇರಬಹುದು. ಪರಿಶೀಲಕರ ಟಿಪ್ಪಣಿ ಹೇಗಿರುತ್ತದೆ, ಸಂಪಾದಕ ಮಂಡಳಿಯಲ್ಲಿ ನಿಜವಾಗಿ ಯಾರಿದ್ದಾರೆ, ಹಳೆಯ ಸಂಚಿಕೆಗಳು ಸಿಗುತ್ತವೆಯೇ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಆದರೆ ಒಳ್ಳೆಯ ಕೆಲಸವಾದರೂ ಎಲ್ಲಿಯೂ ಸೂಚಿತವಾಗದ ಕಡೆ ಪ್ರಕಟವಾದರೆ, ಅಗತ್ಯ ಬಿದ್ದವನ ಕೈಗೆ ಅದು ಸಿಗುವ ಸಾಧ್ಯತೆ ಕಡಿಮೆ.

ಸೂಚಿಗೆ ಸೇರಲು ಪತ್ರಿಕೆ ವಿದೇಶದ್ದೇ ಆಗಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಗುರುತಿಸಿತು. ಅದರ ಆರಂಭಿಕ ವರದಿ ಬಂದದ್ದು ಭಾರತದ್ದೇ ವೈದ್ಯಕೀಯ ಪತ್ರಿಕೆಯಲ್ಲಿ. ಆ ಪತ್ರಿಕೆ ಸೂಚಿಗೆ ಸೇರಿದ್ದರಿಂದ, ಮಂಗನ ಕಾಯಿಲೆ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಹುಡುಕಿದರೂ ಮಲೆನಾಡಿನ ಆ ದಾಖಲೆ ಇಂದಿಗೂ ಎದುರಾಗುತ್ತದೆ.

ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2001ರಲ್ಲಿ ಅಸ್ತಮಾ ಕುರಿತ ಪ್ರಯೋಗವೊಂದರಲ್ಲಿ ಸ್ವಯಂಪ್ರೇರಿತರಾಗಿ ಪಾಲ್ಗೊಂಡ 24 ವರ್ಷದ ಆರೋಗ್ಯವಂತ ಮಹಿಳೆಯೊಬ್ಬರು ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಾಟದ ಮೂಲಕ ಒಳಗೆಳೆದುಕೊಂಡ ಬಳಿಕ ಶ್ವಾಸಕೋಶ ಹಾಳಾಗಿ ಸಾವನ್ನಪ್ಪಿದರು. ಅದು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು ಎಂಬ ವರದಿಗಳು 1950ರ ದಶಕದಲ್ಲೇ ಪ್ರಕಟವಾಗಿದ್ದವು. ಪ್ರಯೋಗಕ್ಕೆ ಮೊದಲು ಸಂಶೋಧಕರು ಕಂಪ್ಯೂಟರಿನಲ್ಲಿ ಹುಡುಕಿದ್ದರು. ಆಗ ಪಬ್‌ಮೆಡ್ ಹಿಂದಕ್ಕೆ ಹೋಗುತ್ತಿದ್ದದ್ದು 1966ರವರೆಗೆ ಮಾತ್ರ. ಅದಕ್ಕೂ ಹಿಂದಿನದು ಮುದ್ರಿತ ಸೂಚಿಗಳ ಕಾಲದ್ದು. ಆ ವರದಿಗಳು ಅವರ ಕಣ್ಣಿಗೆ ಬೀಳಲಿಲ್ಲ.

ಇದು ನಡೆದದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ, ಬಿಲ್ಲಿಂಗ್ಸ್ ನಕ್ಷೆ ಹಾಕಿಕೊಟ್ಟ ಅದೇ ಆಸ್ಪತ್ರೆಯ ಸಂಸ್ಥೆಯಲ್ಲಿ. ಲೇಖನವನ್ನು ಯಾವ ಜರ್ನಲ್‌ಗೆ ಕಳುಹಿಸುವುದು ಎಂದು ಇಂದು ಯೋಚಿಸುತ್ತಿರುವ ವೈದ್ಯರು ಬಡ್ತಿಯ ಲೆಕ್ಕದ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬಹುದು. ಐವತ್ತು ವರ್ಷದ ನಂತರ ಯಾವುದೋ ಊರಿನ ಒಬ್ಬ ವೈದ್ಯನಿಗೆ ಇದು ಬೇಕಾದರೆ, ಅವನ ಕೈಗೆ ಸಿಗುತ್ತದೆಯೇ?